ಬ್ಲೂಬೀಮ್ ರೆವು: ವಿದ್ಯುತ್ ಗುತ್ತಿಗೆಯ ಅಂದಾಜಿಗೆ ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನ ವಿದ್ಯುತ್ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಅಂದಾಜುಪಟ್ಟಿ ತಯಾರಿಸುವುದು ನನ್ನ ಕೆಲಸ. ಮೊದಲೆಲ್ಲ ಡ್ರಾಯಿಂಗ್ ಮುದ್ರಿಸಿ, ಸ್ಕೇಲ್ ಪಟ್ಟಿ ಇಟ್ಟು, ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಎಣಿಸುತ್ತಿದ್ದೆವು. ಕೆಲವು ವರ್ಷಗಳಿಂದ ಅದೇ ಕೆಲಸವನ್ನು ಬ್ಲೂಬೀಮ್ ರೆವು ತಂತ್ರಾಂಶದಲ್ಲಿ, ಪಿಡಿಎಫ್ ಡ್ರಾಯಿಂಗ್ ಮೇಲೆಯೇ ಮಾಡುತ್ತಿದ್ದೇನೆ. ಸಮಯ ಉಳಿಯುತ್ತದೆ, ನಿಜ. ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಪಟ್ಟಿಯ ಯಾವುದೇ ಅಂಕಿ ಡ್ರಾಯಿಂಗ್‌ನ ಯಾವ ಜಾಗದಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದು.

ಅಳತೆಗೆ ಮೊದಲು ಸ್ಕೇಲ್ ಹೊಂದಿಸಬೇಕು. ಡ್ರಾಯಿಂಗ್ ಮೂಲೆಯಲ್ಲಿ 1:100 ಎಂದು ಬರೆದಿದ್ದರೂ ನಂಬಬೇಡಿ. ದೊಡ್ಡ ಹಾಳೆಯದನ್ನು ಚಿಕ್ಕ ಹಾಳೆಗೆ ಇಳಿಸಿ ಪಿಡಿಎಫ್ ಮಾಡಿರುವುದು ತೀರಾ ಸಾಮಾನ್ಯ. ಗೊತ್ತಿರುವ ಅಳತೆಯ ಎರಡು ಬಿಂದುಗಳನ್ನು ಒತ್ತಿ ಹೊಂದಿಸುವಾಗ ಹಲವರು ಬಾಗಿಲಿನ ಅಗಲ ಹಿಡಿಯುತ್ತಾರೆ. 900 ಮಿ.ಮೀ. ಬಾಗಿಲಿನಲ್ಲಿ ಕ್ಲಿಕ್ 10 ಮಿ.ಮೀ. ಆಚೀಚೆ ಆದರೆ ಇಡೀ ಕಟ್ಟಡದ ಅಳತೆಯಲ್ಲಿ ಶೇ. 1ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. 24 ಮೀಟರ್ ದೂರದ ಎರಡು ಕಂಬಗಳ ಗ್ರಿಡ್ ರೇಖೆ ಹಿಡಿದರೆ ಅದೇ 10 ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. ಸ್ಕ್ಯಾನ್ ಮಾಡುವಾಗ ಹಿಗ್ಗಿದ ಹಾಳೆಗೆ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಸ್ಕೇಲ್ ಕೊಡುವ ಅವಕಾಶವೂ ಇದೆ.

ಪೈಪು, ತಂತಿಗಳ ಉದ್ದಕ್ಕೆ ಬಳಸುವ ಪಾಲಿಲೆಂಗ್ತ್ ಸಾಧನದಲ್ಲಿ ಮೇಲೇರುವ, ಕೆಳಗಿಳಿಯುವ ಉದ್ದವನ್ನು ಸೇರಿಸಲು ರೈಸ್/ಡ್ರಾಪ್ ಎಂಬ ಒಂದು ಖಾನೆಯಿದೆ. ಈ ತಂತ್ರಾಂಶದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಪುಟ್ಟ ಖಾನೆಗೇ. ನಕ್ಷೆ ಕಟ್ಟಡವನ್ನು ಮೇಲಿನಿಂದ ತೋರಿಸುತ್ತದೆ; ಗೋಡೆಯೊಳಗೆ ಏರಿಳಿಯುವ ಪೈಪು ಅದರಲ್ಲಿ ಬರೀ ಒಂದು ಚುಕ್ಕೆ. ಡಿ.ಬಿ.ಯಿಂದ (ಸರ್ಕ್ಯೂಟ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಒಂದು ಸ್ವಿಚ್‌ಬೋರ್ಡಿಗೆ ನಕ್ಷೆಯಲ್ಲಿ 9 ಮೀಟರ್ ಇದೆ ಎನ್ನಿ. ನೆಲದಿಂದ ಸ್ಲ್ಯಾಬಿಗೆ 3 ಮೀಟರ್, ಡಿ.ಬಿ.ಯ ಮೇಲಂಚು 1.8 ಮೀಟರ್, ಸ್ವಿಚ್‌ಬೋರ್ಡ್ 1.2 ಮೀಟರ್ ಎತ್ತರದಲ್ಲಿದೆ. ಪೈಪು ಡಿ.ಬಿ.ಯಿಂದ 1.2 ಮೀಟರ್ ಏರಬೇಕು, ಬೋರ್ಡಿನ ಕಡೆ 1.8 ಮೀಟರ್ ಇಳಿಯಬೇಕು. ಒಟ್ಟು 12 ಮೀಟರ್ ಆಯಿತು. ಫೇಸ್, ನ್ಯೂಟ್ರಲ್, ಅರ್ಥ್ ಸೇರಿ ತಂತಿ 36 ಮೀಟರ್. ಬರೀ ನಕ್ಷೆಯ ಉದ್ದ ಹಿಡಿದವನಿಗೆ 27 ಮೀಟರ್ ಮಾತ್ರ ಸಿಕ್ಕಿರುತ್ತದೆ. ಹೀಗೆ ಹತ್ತು ಸರ್ಕ್ಯೂಟ್ ಆದರೆ 90 ಮೀಟರಿನ ಒಂದು ಪೂರಾ ಕಾಯಿಲ್ ಕೈಬಿಟ್ಟಂತೆ. ಬೋರ್ಡಿನ ಪೆಟ್ಟಿಗೆಯೊಳಗೆ ಬಿಡುವ ತಂತಿ, ಕತ್ತರಿಸಿ ವ್ಯರ್ಥವಾಗುವ ತುಂಡುಗಳು ಇನ್ನೂ ಇದರಲ್ಲಿ ಸೇರಿಲ್ಲ.

ದೀಪ, ಫ್ಯಾನ್, ಸಾಕೆಟ್ ಎಣಿಸಲು ಕೌಂಟ್ ಸಾಧನವಿದೆ. 6 ಆಂಪಿಯರ್ ಸಾಕೆಟ್‌ಗೆ ಒಂದು ಬಣ್ಣ, 16 ಆಂಪಿಯರ್‌ಗೆ ಇನ್ನೊಂದು ಎಂದು ಟೂಲ್ ಚೆಸ್ಟ್‌ನಲ್ಲಿ (ಸಾಧನಗಳನ್ನು ಉಳಿಸಿಡುವ ಪೆಟ್ಟಿಗೆ) ಒಮ್ಮೆ ಮಾಡಿಟ್ಟುಕೊಂಡರೆ ಮುಂದಿನ ಎಲ್ಲ ಕೆಲಸಕ್ಕೂ ಆಗುತ್ತದೆ. ಪ್ರತಿ ಫ್ಲ್ಯಾಟನ್ನು ಒಂದೊಂದು ಸ್ಪೇಸ್ ಎಂದು ಗುರುತಿಸಿದರೆ ಪಟ್ಟಿಯೂ ಹಾಗೆಯೇ ಬಿಡಿಸಿಕೊಂಡು ಬರುತ್ತದೆ. ಒಂದೇ ಚಿಹ್ನೆಯನ್ನು ಹಾಳೆಯಿಡೀ ಹುಡುಕುವ ವಿಷುಯಲ್ ಸರ್ಚ್‌ ಸ್ವಚ್ಛವಾದ ಡ್ರಾಯಿಂಗ್‌ಗೆ ಚೆನ್ನ. ಚಿಹ್ನೆಯ ಮೇಲೆ ಗೋಡೆಯ ಗೆರೆಯೋ ಅಕ್ಷರವೋ ಹಾದುಹೋಗಿದ್ದರೆ ಅದು ಹುಡುಕಾಟಕ್ಕೆ ಸಿಗದೆ ಹೋಗಬಹುದು. ಆದ್ದರಿಂದ ಹುಡುಕಾಟ ಮುಗಿದ ಮೇಲೂ ಕೋಣೆ ಕೋಣೆಗೂ ಕಣ್ಣು ಹಾಯಿಸುತ್ತೇನೆ.

ಇದು ವಿದ್ಯುತ್ ಕೆಲಸಕ್ಕೆಂದೇ ಮಾಡಿದ ತಂತ್ರಾಂಶವಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ದರಪಟ್ಟಿ ಇದರಲ್ಲಿಲ್ಲ. ಸಾಕೆಟ್ ಎಣಿಸಿದರೆ ಅದರ ಪೆಟ್ಟಿಗೆ, ಪ್ಲೇಟ್, ಸ್ಕ್ರೂ ತಾನಾಗಿ ಸೇರುವುದಿಲ್ಲ. ಟೆಂಡರಿನ ಅಳತೆಯ ನಿಯಮವೂ ಅದಕ್ಕೆ ಗೊತ್ತಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿವರಣೆಯಂತೆ ಸ್ವಿಚ್‌ಬೋರ್ಡಿನಿಂದ ದೀಪ, ಫ್ಯಾನ್‌ಗಳಂಥ ಒಂದೊಂದು ಪಾಯಿಂಟಿಗೆ ಹೋಗುವ ಪಾಯಿಂಟ್ ವೈರಿಂಗನ್ನು ಪಾಯಿಂಟ್ ಲೆಕ್ಕದಲ್ಲಿ, ಡಿ.ಬಿ.ಯಿಂದ ಮೊದಲ ಸ್ವಿಚ್‌ಬೋರ್ಡಿನವರೆಗಿನ ಸರ್ಕ್ಯೂಟ್ ವೈರಿಂಗನ್ನು ಮೀಟರ್ ಲೆಕ್ಕದಲ್ಲಿ ಅಳೆಯಬೇಕು. ಆ ಗಡಿಯಲ್ಲಿ ಗೆರೆ ನಿಲ್ಲಿಸುವುದು ಅಳೆಯುವವನ ಜವಾಬ್ದಾರಿ. ಪಾಯಿಂಟ್ ದರದೊಳಗೆ ಸೇರಿಹೋದ ತಂತಿಯನ್ನು ಮತ್ತೆ ಮೀಟರಿನಲ್ಲೂ ಹಿಡಿದರೆ ಟೆಂಡರ್ ಕೈತಪ್ಪುತ್ತದೆ. ನಾನು ಇವೆರಡಕ್ಕೂ ಬೇರೆ ಬಣ್ಣ, ಬೇರೆ ಹೆಸರು ಇಟ್ಟಿದ್ದೇನೆ.

ಡ್ರಾಯಿಂಗ್ ಬದಲಾದಾಗ ಈ ಶ್ರಮದ ಫಲ ಕಾಣುತ್ತದೆ. ಹಳೆಯ ಹಾಳೆಯ ಮೇಲೆ ಹೊಸದನ್ನು ಬೇರೆ ಬಣ್ಣದಲ್ಲಿ ಹೊದಿಸಿ ನೋಡಿದರೆ ಎಲ್ಲಿ ಸಾಕೆಟ್ ಸೇರಿದೆ, ಎಲ್ಲಿ ಡಿ.ಬಿ. ಜರುಗಿದೆ ಎಂಬುದು ತಕ್ಷಣ ತಿಳಿಯುತ್ತದೆ. ಒಂದು ಶಾಲೆಯ ಕೆಲಸದಲ್ಲಿ ಹೆಚ್ಚುವರಿ ಪಾಯಿಂಟುಗಳ ಬಿಲ್ಲನ್ನು ಅಲ್ಲಿನ ಎಂಜಿನಿಯರ್ ಒಪ್ಪಿರಲಿಲ್ಲ. ಎರಡೂ ಹಾಳೆಗಳ ಗುರುತುಗಳನ್ನು ಅವರ ಮುಂದಿಟ್ಟೆ. ತರಗತಿ ತರಗತಿಯಾಗಿ ಎಣಿಸಿ ನೋಡಿ, "ಸರಿ ಇದೆ, ಕಳಿಸಿಕೊಡಿ" ಎಂದು ಸಹಿ ಹಾಕಿದರು.

ಖರ್ಚಿನ ವಿಷಯಕ್ಕೆ ಬಂದರೆ, 2022ರಲ್ಲಿ ಬಂದ ರೆವು 21ರಿಂದ ಇದು ವಾರ್ಷಿಕ ಚಂದಾ ಪದ್ಧತಿಗೆ ಹೋಗಿದೆ. ತಿಂಗಳಿಗೆ ಒಂದೆರಡು ಮನೆಗಳ ವೈರಿಂಗ್ ಮಾಡುವವರಿಗೆ ಇದು ಹೊರೆ. ಅವರಿಗೆ ಮುದ್ರಿತ ಹಾಳೆ, ಬಣ್ಣದ ಪೆನ್ಸಿಲ್ ಸಾಕು. ಟೆಂಡರ್ ಮೇಲೆ ಟೆಂಡರ್ ಹಾಕುವ ಕಚೇರಿಗೆ ಧಾರಾಳವಾಗಿ ಹೇಳುತ್ತೇನೆ, ಕೊಳ್ಳಿ. ಅಳತೆಗಳು ನೇರವಾಗಿ ಎಕ್ಸೆಲ್ ಹಾಳೆಗೆ ಜೋಡಣೆಯಾಗಬೇಕಿದ್ದರೆ ಕ್ವಾಂಟಿಟಿ ಲಿಂಕ್ ಇರುವ ಕಂಪ್ಲೀಟ್ ಆವೃತ್ತಿಯನ್ನೇ ಕೇಳಿ.