ಮಿಸ್ ಮಾರ್ವೆಲ್ 5ನೇ ಕಂತು: ರೈಲು ನಿಲ್ದಾಣದ ಕಥೆ ಗೆದ್ದಿತು, ಕೊನೆಯ ಅವಸರ ಕೆಡಿಸಿತು

ಮಾರ್ವೆಲ್ ಕಂಪನಿಯ ‘ಮಿಸ್ ಮಾರ್ವೆಲ್’ ವೆಬ್ ಸರಣಿಯ ಆರು ಕಂತುಗಳಲ್ಲಿ ನಿಮಗೆ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ, ಐದನೆಯದು ಅನ್ನುತ್ತೇನೆ. ಹೆಸರು ‘ಟೈಮ್ ಅಂಡ್ ಅಗೇನ್’. 2022ರ ಜುಲೈ 6ರಂದು ಬಂತು. ಸುಮಾರು 40 ನಿಮಿಷದ ಕಂತು. ಹದಿಹರೆಯದ ಸೂಪರ್‌ಹೀರೋ ಹುಡುಗಿಯ ಕಥೆ ಅಂತ ಕೂತರೆ ತುಂಬಾ ಹೊತ್ತು ಆ ಹುಡುಗಿಯೇ ಕಾಣಿಸುವುದಿಲ್ಲ. ಕಾಣುವುದು ಅವಳ ಮುತ್ತಜ್ಜಿ, ಒಂದು ಗುಲಾಬಿ ತೋಟ, ಆಮೇಲೆ 1947ರ ಒಂದು ರೈಲು ನಿಲ್ದಾಣ.

ಗುಟ್ಟು ಬಿಟ್ಟುಕೊಡದೆ ಈ ಕಂತಿನ ಬಗ್ಗೆ ಬರೆಯಲು ಆಗುವುದಿಲ್ಲ. ಇನ್ನೂ ನೋಡದವರು ಮೊದಲು ನೋಡಿ, ಆಮೇಲೆ ಓದಿ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಹತ್ತನೇ ತರಗತಿಗೆ ಪ್ರತಿ ವರ್ಷ ದೇಶ ವಿಭಜನೆಯ ಪಾಠ ಮಾಡುತ್ತೇನೆ. ಹಾಗಾಗಿ ಈ ಕಂತನ್ನು ಮಾರ್ವೆಲ್ ಅಭಿಮಾನಿಯಾಗಿ ನೋಡಿದ್ದಕ್ಕಿಂತ ಮೇಡಂ ಆಗಿ ನೋಡಿದ್ದೇ ಜಾಸ್ತಿ.

ಹಿನ್ನೆಲೆ ಇಷ್ಟು. ಕಮಲಾ ಖಾನ್ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯ ಹುಡುಗಿ. ಹದಿನಾರು ವಯಸ್ಸು. ಅಪ್ಪ ಅಮ್ಮ ಪಾಕಿಸ್ತಾನದ ಕರಾಚಿಯಿಂದ ಬಂದವರು. ಕ್ಯಾಪ್ಟನ್ ಮಾರ್ವೆಲ್ ಅನ್ನುವ ಸೂಪರ್‌ಹೀರೋ ಅಂದರೆ ಅವಳಿಗೆ ಪ್ರಾಣ. ಅಜ್ಜಿ ಸನಾ ಕರಾಚಿಯಿಂದ ಕಳಿಸಿದ ಒಂದು ಹಳೆಯ ಬಳೆ ತೊಟ್ಟ ಮೇಲೆ ಅವಳ ಕೈಯಿಂದ ಬೆಳಕು ಹೊಮ್ಮುತ್ತದೆ. ಆ ಬೆಳಕು ಕಲ್ಲಿನಷ್ಟು ಗಟ್ಟಿ, ಅದರ ಮೇಲೆ ಕಾಲಿಟ್ಟು ನಡೆಯಬಹುದು. ಬಳೆ ಮೊದಲು ಇದ್ದದ್ದು ಸನಾಳ ಅಮ್ಮ ಆಯಿಷಾಳ ಹತ್ತಿರ. ಆಯಿಷಾ ನಮ್ಮ ಲೋಕದವಳಲ್ಲ, ಬೇರೆ ಲೋಕದಿಂದ ಬಂದವಳು. ವಿಭಜನೆಯ ರಾತ್ರಿ ಅವಳು ಕಾಣೆಯಾದಳು. ಪುಟ್ಟ ಸನಾ ನಿಲ್ದಾಣದಲ್ಲಿ ಕಳೆದುಹೋಗಿ, ನಕ್ಷತ್ರಗಳ ಜಾಡು ಹಿಡಿದು ಅಪ್ಪನ ಹತ್ತಿರ ಬಂದಳು ಅಂತ ಆ ಮನೆಯಲ್ಲಿ ಒಂದು ಕಥೆ ಇದೆ. ಮೊದಲ ಕಂತುಗಳಲ್ಲೇ ಅದು ಮಾತಿಗೆ ಬರುತ್ತದೆ. ಎಲ್ಲರ ಮನೆಯಲ್ಲೂ ಅಜ್ಜಿ ಹೇಳುವ ಇಂಥ ಒಂದು ಕಥೆ ಇರುತ್ತದೆ, ಅಲ್ವಾ? ನಾವು ಹೂಂ ಅನ್ನುತ್ತೇವೆ, ಪೂರ್ತಿ ನಂಬುವುದಿಲ್ಲ. ಈ ಕಂತು ಆ ಕಥೆಯನ್ನು ನಿಜ ಮಾಡುತ್ತದೆ.

ಕಾಮಿಕ್ಸ್ ಓದಿದವರಿಗೆ ಈ ಸರಣಿಯ ಮೇಲೆ ಒಂದು ಸಿಟ್ಟಿತ್ತು. 2014ರಲ್ಲಿ ಶುರುವಾದ ಕಾಮಿಕ್ಸ್‌ನಲ್ಲಿ ಕಮಲಾಳ ಶಕ್ತಿ ಬೇರೆ. ಅಲ್ಲಿ ಅವಳು ಕೈಕಾಲು ಹಿಗ್ಗಿಸುತ್ತಾಳೆ, ಮೈ ದೊಡ್ಡದು ಚಿಕ್ಕದು ಮಾಡಿಕೊಳ್ಳುತ್ತಾಳೆ. ಅದನ್ನು ಬಿಟ್ಟು ಬೆಳಕನ್ನು ಯಾಕೆ ತಂದರು ಅಂತ ತುಂಬಾ ಜನ ಬೇಜಾರಾದರು. ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಅಜ್ಜಿ ಹಿಡಿದು ಬಂದ ನಕ್ಷತ್ರಗಳ ಜಾಡು ಮೊಮ್ಮಗಳ ಕೈಯ ಬೆಳಕು! ಹಿಗ್ಗುವ ಕೈ ಇಟ್ಟುಕೊಂಡಿದ್ದರೆ ಈ ದೃಶ್ಯ ಹುಟ್ಟುತ್ತಲೇ ಇರಲಿಲ್ಲ. ಮೊದಲ ಕಂತುಗಳಲ್ಲಿ ಹಾಕಿದ ಗಂಟು ಐದನೆಯದರಲ್ಲಿ ಇಷ್ಟು ಚೆನ್ನಾಗಿ ಬಿಚ್ಚಿಕೊಳ್ಳುವುದನ್ನು ನಾನು ಇಂಥ ಸರಣಿಗಳಲ್ಲಿ ನೋಡಿದ್ದು ಕಡಿಮೆ.

ಕಂತು ಶುರುವಾಗುವುದು ಹಳೇ ಕಪ್ಪು ಬಿಳುಪು ವಾರ್ತಾಚಿತ್ರದ ಹಾಗೆ. ಆಮೇಲೆ 1942. ಬ್ರಿಟಿಷರಿಂದ ತಪ್ಪಿಸಿಕೊಂಡು ಓಡುವ ಆಯಿಷಾ ದಣಿದು ಒಂದು ಗುಲಾಬಿ ತೋಟದಲ್ಲಿ ಮಲಗಿಬಿಡುತ್ತಾಳೆ. ತೋಟ ಹಸನ್‌ನದು. ಗುಲಾಬಿ ಬೆಳೆಯುತ್ತಾನೆ, ಊರಲ್ಲಿ ನಿಂತು ಬ್ರಿಟಿಷರ ವಿರುದ್ಧ ಭಾಷಣವನ್ನೂ ಮಾಡುತ್ತಾನೆ. 1942 ಅಂದರೆ ಕ್ವಿಟ್ ಇಂಡಿಯಾ ವರ್ಷ. ಆ ಇಸವಿಯನ್ನು ಸುಮ್ನೆ ಆರಿಸಿಕೊಂಡಿಲ್ಲ. ದೇಶ ಒಂದು ಅಂದುಕೊಂಡು ಮಾತಾಡಿದ ಮನುಷ್ಯ ಐದೇ ವರ್ಷಕ್ಕೆ ಸ್ವಂತ ಮಣ್ಣು ಬಿಟ್ಟು ರೈಲು ಹತ್ತಬೇಕಾಗುತ್ತದೆ.

ಹಸನ್ ಆಗಿ ಫವಾದ್ ಖಾನ್, ಆಯಿಷಾ ಆಗಿ ಮೆಹ್ವಿಶ್ ಹಯಾತ್. ಇಬ್ಬರೂ ಪಾಕಿಸ್ತಾನದ ದೊಡ್ಡ ತಾರೆಯರು. ತೋಟದಲ್ಲಿ ಅವನು ಅವಳನ್ನು ಕಾಣುವ ಆ ಮೊದಲ ಭೇಟಿಯನ್ನು ಗಮನಿಸಿ ನೋಡಿ. ಅವಳಿಗೆ ಹಸಿವು, ಅವನಿಗೆ ಅದು ಗೊತ್ತಾಗುತ್ತದೆ. ಯಾರು, ಎಲ್ಲಿಂದ ಬಂದೆ ಅಂತ ಜಬರಿಸುವುದಿಲ್ಲ, ಊಟಕ್ಕೆ ಕರೆಯುತ್ತಾನೆ. ಅವಳು ನಂಬಬೇಕೋ ಬೇಡವೋ ಅಂತ ನಿಲ್ಲುತ್ತಾಳೆ. ಫವಾದ್ ಅಲ್ಲಿ ದನಿ ಏರಿಸುವುದಿಲ್ಲ, ಮುಖದಲ್ಲಿ ನಾಟಕ ಮಾಡುವುದಿಲ್ಲ. ಅಷ್ಟರಲ್ಲೇ ಇವನು ಒಳ್ಳೆಯವನು ಅಂತ ನಮಗೆ ಗೊತ್ತಾಗಿಬಿಡುತ್ತದೆ. ಮದುವೆ, ಮಗು, ಮನೆ ಎಲ್ಲಾ ಕೆಲವೇ ನಿಮಿಷಗಳಲ್ಲಿ ಸಾಗುತ್ತದೆ, ಆದರೂ ಆ ಸಂಸಾರ ನಮಗೆ ಹತ್ತಿರವಾಗಿಬಿಟ್ಟಿರುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. ಈ ಗಂಡ ಹೆಂಡತಿ ಮಾತಾಡುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಇಬ್ಬರು ಕಲಾವಿದರಿಗೂ ಉರ್ದು ತಾಯಿಯ ಹಾಲಿನಷ್ಟು ಸಲೀಸು. ಹಳ್ಳಿಯ ಮನೆಯಲ್ಲಿ, ಹಾಸಿಗೆಯ ಪಕ್ಕ, ಮಗು ಮಲಗಿಸುತ್ತಾ ಅವರು ಇಂಗ್ಲಿಷ್ ಮಾತಾಡಿದರೆ ಕಿವಿಗೆ ಚುಚ್ಚುತ್ತದೆ. ಅದೂ ಬ್ರಿಟಿಷರ ವಿರುದ್ಧ ಭಾಷಣ ಮಾಡುವವನ ಮನೆಯಲ್ಲಿ! ಕೆಳಗೆ ಅಕ್ಷರ ಹಾಕಿದ್ದರೆ ಅಮೆರಿಕದ ಮಕ್ಕಳು ಓದಿಕೊಳ್ಳುತ್ತಿದ್ದರು. ಆ ಧೈರ್ಯ ಮಾಡಬೇಕಿತ್ತು.

1947ಕ್ಕೆ ಬಂದಾಗ ಹಳೆಯ ಗೆಳತಿ ನಜ್ಮಾ ಆಯಿಷಾಳನ್ನು ಹುಡುಕಿಕೊಂಡು ಬರುತ್ತಾಳೆ. ಅವಳಿಗೆ ಬಳೆ ಬೇಕು, ತಮ್ಮ ಲೋಕಕ್ಕೆ ವಾಪಸ್ ಹೋಗಬೇಕು. ಅವಳಿಂದ ತಪ್ಪಿಸಿಕೊಳ್ಳಲು ಆಯಿಷಾ ಊರು ಬಿಡಬೇಕು. ಅತ್ತ ಊರಿನ ಗಾಳಿ ಕೆಟ್ಟು ಹಸನ್‌ನಂಥವರೂ ಊರು ಬಿಡುವ ಹೊತ್ತು ಬಂದಿದೆ. ಒಂದು ಮಾಯಾಲೋಕದ ಕಾರಣ, ಇನ್ನೊಂದು ಇತಿಹಾಸದ ಕಾರಣ. ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬಂದು ಸೇರುತ್ತವೆ. ಬರವಣಿಗೆ ಇಲ್ಲಿ ತುಂಬಾ ಬಿಗಿಯಾಗಿದೆ.

ಇನ್ನು ಆ ನಿಲ್ದಾಣ. ನಾನು ಈ ಕಂತನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು ಇದಕ್ಕೇ. ಅಜ್ಜಿಯನ್ನು ನೋಡಲು ಕರಾಚಿಗೆ ಹೋಗಿದ್ದ ಕಮಲಾ ನಮ್ಮ ಕಾಲದಿಂದ ಅಲ್ಲಿಗೆ ಬಂದು ಬಿದ್ದಿದ್ದಾಳೆ. ಎಲ್ಲಿ ನೋಡಿದರೂ ಜನ. ಗಂಟು ಮೂಟೆ, ಟ್ರಂಕು, ಹೆಗಲ ಮೇಲೆ ಮಕ್ಕಳು, ಬೋಗಿಯ ನೆತ್ತಿಯ ಮೇಲೂ ಜನ. ಅವಳು ನಡುವೆ ನುಗ್ಗಿ ನಡೆಯುವಾಗ ಅತ್ತಿತ್ತಲಿಂದ ತುಂಡು ತುಂಡು ಮಾತುಗಳು ಕಿವಿಗೆ ಬೀಳುತ್ತವೆ. ಯಾರೋ ಬರುವುದಿಲ್ಲ ಅನ್ನುತ್ತಾರೆ, ಯಾರೋ ಯಾರದೋ ಹೆಸರು ಕೂಗುತ್ತಾರೆ. ಕ್ಯಾಮೆರಾ ಯಾರ ಮುಖದ ಮೇಲೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಒಂದೊಂದು ಮಾತಿನ ಹಿಂದೆಯೂ ಒಂದೊಂದು ಮನೆ ಒಡೆದಿದೆ ಅನ್ನುವುದು ಸಾಕಷ್ಟು ಕೇಳಿಸುತ್ತದೆ.

ನಿರ್ದೇಶಕಿ ಶರ್ಮೀನ್ ಒಬೈದ್ ಚಿನಾಯ್ ಸಾಕ್ಷ್ಯಚಿತ್ರಗಳಿಂದ ಬಂದವರು. ಕಿರು ಸಾಕ್ಷ್ಯಚಿತ್ರಕ್ಕೆ 2012ರಲ್ಲಿ ಮತ್ತು 2016ರಲ್ಲಿ ಎರಡು ಆಸ್ಕರ್ ಗೆದ್ದವರು. ಕರಾಚಿಯವರು. ವಿಭಜನೆ ಕಂಡ ಹಿರಿಯರ ನೆನಪುಗಳನ್ನು ಅವರ ಬಾಯಲ್ಲೇ ದಾಖಲಿಸುವ ಒಂದು ಸಂಸ್ಥೆಯನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಆ ಕೆಲಸದ ಗುರುತು ಈ ನಿಲ್ದಾಣದಲ್ಲಿದೆ. ಬೆಂಕಿ, ರಕ್ತ, ಕತ್ತಿ ತೋರಿಸಿ ಹೆದರಿಸಲು ಹೋಗಿಲ್ಲ. ಕಿವಿಗೊಟ್ಟು ಕೇಳಿದವರು ಮಾತ್ರ ಹೀಗೆ ತೆಗೆಯಬಲ್ಲರು ಅಂತ ನನಗೆ ಅನ್ನಿಸುತ್ತದೆ.

ನಜ್ಮಾ ಆಯಿಷಾಳನ್ನು ಇರಿಯುತ್ತಾಳೆ. ಸಾಯುವ ಮುತ್ತಜ್ಜಿಯ ಪಕ್ಕ ಕಮಲಾ ಕೂರುತ್ತಾಳೆ. ತನ್ನನ್ನು ಇಲ್ಲಿಗೆ ಕರೆಸಿದ್ದು ಈ ಬಳೆ, ಕಾರಣ ಆ ಮಗು ಅಂತ ಅವಳಿಗೆ ಆಗ ತಿಳಿಯುತ್ತದೆ. ರೈಲು ಹೊರಡುತ್ತಿದೆ. ಹಸನ್ ಒಂದು ಕಡೆ, ಪುಟ್ಟ ಸನಾ ಇನ್ನೊಂದು ಕಡೆ. ಕಮಲಾಳ ಬೆಳಕಿನ ಚೂರುಗಳು ಗಾಳಿಯಲ್ಲಿ ಸಾಲಾಗುತ್ತವೆ, ಮಗು ಅದನ್ನು ಹಿಡಿದು ಅಪ್ಪನನ್ನು ಸೇರುತ್ತದೆ. ಅಷ್ಟೇ. ಇಡೀ ದೇಶ ಒಡೆಯುವುದನ್ನು ಅವಳು ತಡೆಯಲಿಲ್ಲ, ತಡೆಯುವ ಯೋಚನೆಯೂ ಕಥೆಗೆ ಇಲ್ಲ. ಒಂದು ಮಗುವನ್ನು ಒಂದು ರೈಲಿಗೆ ಹತ್ತಿಸಿದಳು. ಸೂಪರ್‌ಹೀರೋ ಕಥೆಗಳಲ್ಲಿ ಊರಿಗೆ ಊರೇ ಉಳಿಸುವುದನ್ನು ಎಷ್ಟೋ ನೋಡಿದ್ದೇವೆ. ನನ್ನ ಕಣ್ಣಲ್ಲಿ ನೀರು ಬಂದಿದ್ದು ಇಲ್ಲಿ.

ಕಮಲಾ ಆಗಿರುವ ಇಮಾನ್ ವೆಲ್ಲಾನಿಗೆ ಇದು ಮೊದಲ ನಟನೆ. ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಹುಡುಗಿ. ನಿಲ್ದಾಣದಲ್ಲಿ ಅವಳ ಮುಖ ನೋಡಿ. ಅಲ್ಲಿಯವರೆಗೆ ತಮಾಷೆ, ಪಟಪಟ ಮಾತು. ಇಲ್ಲಿ ಮಾತೇ ನಿಂತುಹೋಗುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಈ ಅಧ್ಯಾಯ ತುಂಬಾ ದೂರದ್ದು. ಪಂಜಾಬ್, ಬಂಗಾಳ, ಸಿಂಧ್‌ನವರಿಗೆ ಇರುವಂಥ ಮನೆಯ ನೆನಪು ಇಲ್ಲಿ ಹೆಚ್ಚಿನವರಿಗೆ ಇಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್‌ನ ನೆನಪು ಇದೆ, ಅದು ಬೇರೆಯೇ ಕಥೆ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಾರೆ. ಎಷ್ಟು ಅಂಕಕ್ಕೆ ಬರುತ್ತೆ ಮೇಡಂ ಅಂತ ಕೇಳುತ್ತಾರೆ. ಈಗ ನಾನು ಪಾಠಕ್ಕೆ ಮೊದಲು ಸನಾಳ ಕಥೆ ಹೇಳುತ್ತೇನೆ. ರ್‍ಯಾಡ್‌ಕ್ಲಿಫ್ ಅನ್ನುವ ವಕೀಲ 1947ರ ಜುಲೈನಲ್ಲಿ ಭಾರತಕ್ಕೆ ಬಂದ, ಸುಮಾರು ಐದು ವಾರದಲ್ಲಿ ಎರಡು ದೇಶಗಳ ನಡುವೆ ಗೆರೆ ಎಳೆದ, ಆ ಗೆರೆ ಜನಕ್ಕೆ ಗೊತ್ತಾಗಿದ್ದು ಆಗಸ್ಟ್ 17ಕ್ಕೆ, ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನ ಕಳೆದ ಮೇಲೆ. ಇದನ್ನು ಕಥೆಯ ಆಮೇಲೆ ಹೇಳಿದರೆ ತರಗತಿಯೇ ಬೇರೆ. ‘ಹಾಗಾದ್ರೆ ಆ ಎರಡು ದಿನ ಅವರ ಊರು ಯಾವ ದೇಶದಲ್ಲಿತ್ತು?’ ಅಂತ ಒಬ್ಬ ಹುಡುಗ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ!

ಇಷ್ಟೆಲ್ಲಾ ಕೊಟ್ಟ ಕಂತು ಕೊನೆಯಲ್ಲಿ ಎಡವುತ್ತದೆ. ಕಮಲಾ ಕರಾಚಿಗೆ ವಾಪಸ್ ಬಂದ ಕೂಡಲೇ ಎಲ್ಲಾ ಓಟ. ಎರಡು ಲೋಕಗಳ ನಡುವಿನ ತೆರೆ ಹರಿದಿದೆ, ಹತ್ತಿರ ಹೋದವರು ಸಾಯುತ್ತಾರೆ. ಇಷ್ಟು ಹೊತ್ತು ಬೆನ್ನಟ್ಟಿಕೊಂಡು ಬಂದ ನಜ್ಮಾಗೆ ಅವಳ ಮಗ ಕಮ್ರಾನ್‌ನ ನೆನಪನ್ನು ಕಮಲಾ ಮಾಡಿಸಿದ ತಕ್ಷಣ ಮನಸ್ಸು ಕರಗುತ್ತದೆ. ಅವಳೇ ಒಳಗೆ ಹೋಗಿ ತೆರೆ ಮುಚ್ಚಿ ಸಾಯುತ್ತಾಳೆ. ಹಿಂದಿನ ಕಂತಿನಲ್ಲಿ ಅದೇ ಮಗನನ್ನು ಹಿಂದೆ ಬಿಟ್ಟು ಬಂದವಳು ಇವಳು! ಅಷ್ಟು ದೊಡ್ಡ ಬದಲಾವಣೆಗೆ ಒಂದೆರಡು ನಿಮಿಷ ಸಾಲುವುದಿಲ್ಲ. ನಜ್ಮಾ ಆಗಿ ನಿಮ್ರಾ ಬುಚಾ ಕಣ್ಣಿನಲ್ಲೇ ಏನೇನೋ ತುಂಬಲು ನೋಡುತ್ತಾರೆ, ಪಾಪ, ಬರವಣಿಗೆ ಅವರಿಗೆ ಜಾಗ ಕೊಟ್ಟಿಲ್ಲ. ಆಯಿಷಾಳ ಕೊಲೆಗೆ ಅವಳು ಉತ್ತರ ಕೊಡಬೇಕಾದ ಜಾಗವೂ ಅದೇ ಆಗಿತ್ತು. ಅದು ಬರಲೇ ಇಲ್ಲ.

ಆಮೇಲೆ ಅಮ್ಮ ಮುನೀಬಾ, ಅಜ್ಜಿ ಸನಾ ಬರುತ್ತಾರೆ. ಮಗಳ ಶಕ್ತಿ ಅಮ್ಮನಿಗೆ ತಿಳಿಯುತ್ತದೆ. ಬೈಗುಳ, ರಂಪ ಇಲ್ಲದೆ ಅಮ್ಮ ಅದನ್ನು ಒಪ್ಪಿಕೊಳ್ಳುವ ರೀತಿ ತುಂಬಾ ಚೆನ್ನಾಗಿದೆ. ಅಮ್ಮನಾಗಿರುವ ಝೆನೋಬಿಯಾ ಶ್ರಾಫ್ ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ನಟಿ. ಆಯಿಷಾಳ ಫೋಟೋ ಸನಾಳ ಕೈಗೆ ಬರುತ್ತದೆ. ಅಜ್ಜಿಯಾಗಿ ಸಮೀನಾ ಅಹ್ಮದ್ ಅದನ್ನು ಹಿಡಿಯುವುದನ್ನು ನೋಡಲು ನಮಗೆ ಇನ್ನೂ ಸ್ವಲ್ಪ ಹೊತ್ತು ಕೊಡಬೇಕಿತ್ತು. ಅಷ್ಟರಲ್ಲಿ ಕಥೆ ಜೆರ್ಸಿ ಸಿಟಿಗೆ ಹಾರಿ, ಕಮಲಾಳ ಗೆಳೆಯ ಬ್ರೂನೋ ಕೆಲಸ ಮಾಡುವ ಅಂಗಡಿ ಸಿಡಿದುಹೋಗುತ್ತದೆ. ಮುಂದಿನ ಕಂತಿಗೆ ಎಳೆಯಲು ಬೇಕಾದ ದೃಶ್ಯ, ಅಷ್ಟೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಪೂರ್ತಿ ಆ ಕೊನೆಯ ಭಾಗದ್ದು. ಐದನೆಯದನ್ನೇ ನೇರವಾಗಿ ಹಾಕಬೇಡಿ, ನಕ್ಷತ್ರದ ಕಥೆ ಮೊದಲು ಕೇಳಿರಬೇಕು. ಹೈಸ್ಕೂಲು ಮಕ್ಕಳ ಜೊತೆ ಕೂತು ನೋಡಬಹುದು. ಇರಿಯುವ ದೃಶ್ಯ ಒಂದಿದೆ, ಚಿಕ್ಕವರಿದ್ದರೆ ಗಮನ ಇರಲಿ.

ನನಗೆ ಇನ್ನೂ ತಿಳಿಯಬೇಕೆನ್ನಿಸುವುದು ಹಸನ್ ಕಥೆ. ಹೆಂಡತಿ ಎಲ್ಲಿ ಅಂತ ಗೊತ್ತಿಲ್ಲದೆ, ಮಗುವನ್ನು ಎತ್ತಿಕೊಂಡು ಕರಾಚಿಯಲ್ಲಿ ಇಳಿದ. ಗುಲಾಬಿ ಬೆಳೆಯುತ್ತಿದ್ದವನು ಆ ಊರಿನಲ್ಲಿ ಏನು ಕೆಲಸ ಮಾಡಿದ, ಎಲ್ಲಿ ಮನೆ ಹಿಡಿದ, ಮಗಳಿಗೆ ಅಮ್ಮನ ಬಗ್ಗೆ ಏನು ಹೇಳಿದ? ತೆರೆ ಹರಿಯುವ ಗಲಾಟೆಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ಅವನಿಗೆ ಕೊಟ್ಟಿದ್ದರೆ ನಾನು ಐದಕ್ಕೆ ಐದೂ ಕೊಡುತ್ತಿದ್ದೆ.