ಮಾನಾ ಪೂಲ್ಸ್ ಕಾಲ್ನಡಿಗೆ ಸಫಾರಿ: ಹಣ ಕಟ್ಟುವ ಮೊದಲು ಗೈಡ್ ಲೈಸೆನ್ಸ್ ಕೇಳಿ

ಜಿಂಬಾಬ್ವೆಯ ಮಾನಾ ಪೂಲ್ಸ್‌ಗೆ ಕಾಲ್ನಡಿಗೆ ಸಫಾರಿಗೆ ಹೋಗಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಡೆಯ ವನ್ಯಜೀವಿ ಫೋಟೊಗ್ರಾಫರುಗಳೂ ಈಗ ಅಲ್ಲಿಗೆ ಹೋಗುತ್ತಿದ್ದಾರೆ. ತುಂಬಾ ಒಳ್ಳೆಯ ಕಾಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಹೋಗಿದ್ದ ಗುಂಪಿನಲ್ಲಿ ನಮ್ಮನ್ನು ನಡೆಸುವ ಅರ್ಹತೆ ಇದ್ದ ಗೈಡ್ ಇರಲಿಲ್ಲ. ಕೋವಿಯೂ ಇರಲಿಲ್ಲ. ಹಾಗಿದ್ದೂ ಮರಿ ಇದ್ದ ಆನೆ ಹಿಂಡಿನ ಹತ್ತಿರಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ಮೈಸೂರಿನ ಒಬ್ಬ ನಿವೃತ್ತ ಟೀಚರ್ ಓಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವರನ್ನು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ರಾತ್ರಿಯಾಗಿತ್ತು.

ಟೂರ್ ನಡೆಸಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ಏನು ಕೇಳಬೇಕು ಅಂತ ಗೊತ್ತಿದ್ದರೆ ಇಂಥವರು ಯಾರೇ ಆಗಲಿ, ಮನೆಯಲ್ಲಿ ಕೂತೇ ಕಂಡುಹಿಡಿಯಬಹುದು.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಪಾಯ ಇರುವುದು ಅಲ್ಲಿಯ ರೀತಿಯಲ್ಲೇ. ಮಾನಾ ಪೂಲ್ಸ್ ಜಿಂಬಾಬ್ವೆಯ ಉತ್ತರದ ತುದಿಯಲ್ಲಿ, ಜಾಂಬೆಜಿ ನದಿಯ ದಂಡೆಯಲ್ಲಿದೆ. ಆಚೆ ದಡ ಜಾಂಬಿಯಾ. ಅಕ್ಕಪಕ್ಕದ ಸಾಪಿ, ಚೆವೊರೆ ಕಾಡುಗಳ ಜೊತೆ ಸೇರಿ ಇದು 1984ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬೇಲಿ ಇಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ನಾಗರಹೊಳೆ, ಬಂಡೀಪುರದ ಸಫಾರಿಯಲ್ಲಿ ಜೀಪಿನಿಂದ ಕಾಲು ಕೆಳಗಿಡುವ ಹಾಗಿಲ್ಲ, ಅಲ್ವಾ? ಅಲ್ಲಿ ಹಾಗಲ್ಲ. ಪರ್ಮಿಟ್ ತೆಗೆದುಕೊಂಡರೆ ಗೈಡ್ ಇಲ್ಲದೆಯೂ ಕಾಡಿನಲ್ಲಿ ನಡೆಯಲು ಬಿಡುತ್ತಿದ್ದ ಅಪರೂಪದ ಪಾರ್ಕ್ ಅದು. ಈ ಸಡಿಲಿಕೆಯನ್ನೇ ನಮ್ಮ ಟೂರ್ ಲೀಡರ್ ಕೊನೆಯವರೆಗೂ ಹಿಡಿದುಕೊಂಡಿದ್ದರು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳಗಿನ ಹೊಂಡಗಳಲ್ಲಿ ಹೆಚ್ಚಿನವು ಒಣಗುತ್ತವೆ. ಪ್ರಾಣಿಗಳು ನದಿಯ ಕಡೆಗೆ ಬರುತ್ತವೆ. ದಂಡೆಯ ಬಯಲಿನಲ್ಲಿ ಆನಾ ಅನ್ನುವ ದೊಡ್ಡ ಜಾಲಿ ಜಾತಿಯ ಮರಗಳಿವೆ. ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗಿರುವ ಮರ. ಅದರ ಸುರುಳಿ ಸುರುಳಿ ಕಾಯಿ ಉದುರುವ ಹೊತ್ತಿಗೆ ಆನೆಗಳು ಮರದಿಂದ ಮರಕ್ಕೆ ತಿರುಗುತ್ತಾ ಇರುತ್ತವೆ. ಕೆಲವು ಗಂಡಾನೆಗಳು ಹಿಂಗಾಲ ಮೇಲೆ ನಿಂತು ಕೊಂಬೆ ಎಳೆಯುತ್ತವೆ. ಎಲ್ಲರೂ ಹೋಗುವುದು ಆ ಫೋಟೊಕ್ಕೇ. ಸಂಜೆ ದೂಳಿನಲ್ಲಿ ಮರಗಳ ಕೆಳಗೆ ಬೀಳುವ ನೀಲಿ ಬೆಳಕನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಫ್ಲೈ ಕ್ಯಾಂಪ್. ಒಂದು ಗಾಡಿಯಲ್ಲಿ ಹೊತ್ತು ತಂದು, ಎಲ್ಲಿ ಬೇಕೋ ಅಲ್ಲಿ ಹೂಡಿ, ಮತ್ತೆ ಕಿತ್ತು ಸಾಗಿಸುವ ಸಣ್ಣ ಟೆಂಟ್‌ಗಳು. ಸೊಳ್ಳೆ ಪರದೆಯ ಗೋಡೆ, ಮರಕ್ಕೆ ಕಟ್ಟಿದ ಬಕೆಟ್ ಶವರ್, ಗುಂಡಿ ತೋಡಿದ ಶೌಚ, ಮಧ್ಯೆ ಬೆಂಕಿ. ರಾತ್ರಿ ನೀರಾನೆಗಳು ಮೇಯಲು ದಡ ಹತ್ತುತ್ತವೆ. ಕತ್ತೆಕಿರುಬ ಟೆಂಟ್ ಪಕ್ಕದಲ್ಲೇ ಓಡಾಡುತ್ತದೆ. ಸರಿಯಾಗಿ ನಡೆಸುವವರು ಸಿಕ್ಕರೆ ಇದರಷ್ಟು ಒಳ್ಳೆಯ ಅನುಭವ ಇನ್ನೊಂದಿಲ್ಲ. ಆದರೆ ಗೋಡೆಯಿಲ್ಲ, ಗೇಟಿಲ್ಲ, ಹತ್ತಿರ ಡಾಕ್ಟರ್ ಇಲ್ಲ. ಅಲ್ಲಿ ಇರುವುದು ಗೈಡ್ ಒಬ್ಬನೇ.

ಆ ಗೈಡ್ ಯಾರು ಅನ್ನುವುದೇ ಮುಖ್ಯ ವಿಷಯ. ಜಿಂಬಾಬ್ವೆಯಲ್ಲಿ ಗೈಡ್ ಆಗುವುದು ಸುಲಭವಲ್ಲ. ಮೊದಲು ಬರವಣಿಗೆಯ ಪರೀಕ್ಷೆ ಪಾಸು ಮಾಡಿದರೆ ಲರ್ನರ್ ಲೈಸೆನ್ಸ್ ಸಿಗುತ್ತದೆ. ಆಮೇಲೆ ಅನುಭವಿ ಗೈಡ್ ಕೈಕೆಳಗೆ ವರ್ಷಗಟ್ಟಲೆ ಕೆಲಸ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್, ಗುಂಡು ಹಾರಿಸುವ ಪರೀಕ್ಷೆ, ಕೊನೆಗೆ ಕಾಡಿನಲ್ಲೇ ದಿನಗಟ್ಟಲೆ ನಡೆಯುವ ಪರೀಕ್ಷೆ. ಇದೆಲ್ಲ ದಾಟಿದವರು ಪ್ರೊಫೆಷನಲ್ ಗೈಡ್. ಆನೆ, ಕಾಡೆಮ್ಮೆ, ಸಿಂಹ ಇರುವ ಕಾಡಿನಲ್ಲಿ ಗಿರಾಕಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯಬೇಕಾದವರು ಇವರೇ. ಲರ್ನರ್ ಗೈಡ್ ಗಾಡಿಯಲ್ಲಿ ಸುತ್ತಿಸಬಹುದು, ಸ್ವಂತವಾಗಿ ಕಾಲ್ನಡಿಗೆಯಲ್ಲಿ ಕರೆದೊಯ್ಯುವ ಹಾಗಿಲ್ಲ. ಪ್ರೊಫೆಷನಲ್ ಗೈಡ್ ಕೈಯಲ್ಲಿ ಪಾಯಿಂಟ್ 375 (ಇಂಚಿನಲ್ಲಿ ಗುಂಡಿನ ದಪ್ಪ) ಅಥವಾ ಅದಕ್ಕಿಂತ ದೊಡ್ಡ ಕೋವಿ ಇರುತ್ತದೆ. ಅದನ್ನು ಹಾರಿಸುವ ಪರಿಸ್ಥಿತಿಯೇ ಬರದ ಹಾಗೆ ನಡೆಸುವುದು ಅವರ ನಿಜವಾದ ಕಸುಬು.

ನಮಗೆ ಬುಕಿಂಗ್ ಹೊತ್ತಿನಲ್ಲಿ ಇಂಥ ಒಬ್ಬ ಹಿರಿಯ ಗೈಡ್ ಬರುತ್ತಾರೆ ಅಂತ ಟೂರ್ ಲೀಡರ್ ವಾಟ್ಸಾಪ್‌ನಲ್ಲಿ ಬರೆದಿದ್ದರು. ಆಡಿಸ್ ಅಬಾಬ ಮೂಲಕ ಹರಾರೆಗೆ ಇಳಿದಾಗ "ಅವರಿಗೆ ಬೇರೆ ಗುಂಪು ಬಂತು, ಇವರೂ ಅಷ್ಟೇ ಒಳ್ಳೆಯವರು" ಅಂತ ಇನ್ನೊಬ್ಬರನ್ನು ಪರಿಚಯ ಮಾಡಿಸಿದರು. ಇಪ್ಪತ್ತರ ಆಸುಪಾಸಿನ ಹುಡುಗ. ಚಿನ್ಹೋಯಿ, ಕರೋಯಿ ದಾಟಿ, ಮಾರೊಂಗೊರಾದಲ್ಲಿ ಪರ್ಮಿಟ್ ಮಾಡಿಸಿ, ಘಾಟಿ ಇಳಿದು ಮಣ್ಣು ರಸ್ತೆಯಲ್ಲಿ ಒಳಗೆ ಹೋದೆವು. ಆ ಹುಡುಗ ಲರ್ನರ್ ಅಂತ ಗೊತ್ತಾಗಿದ್ದು ಮೊದಲ ರಾತ್ರಿ ಬೆಂಕಿಯ ಹತ್ತಿರ. ಅವನೇ ಹೇಳಿದ. ಮುಚ್ಚಿಡಲಿಲ್ಲ. "ನಾನು ನಿಮ್ಮನ್ನು ಗಾಡಿಯಲ್ಲಿ ಮಾತ್ರ ಕರೆದುಕೊಂಡು ಹೋಗಬಹುದು, ನಡಿಗೆಗೆ ಪಾರ್ಕಿನ ರೇಂಜರ್ ಕರೆಸಿ" ಅಂದ. ಕೋವಿ ಇರುವ ರೇಂಜರ್‌ಗಳನ್ನು ಪಾರ್ಕಿನವರು ಹಣ ತೆಗೆದುಕೊಂಡು ಕಳಿಸುತ್ತಾರೆ. ಟೂರ್ ಲೀಡರ್ ಒಪ್ಪಲಿಲ್ಲ. "ಇಲ್ಲಿ ಗೈಡ್ ಇಲ್ಲದೇನೂ ಜನ ನಡೀತಾರೆ. ನಾನು ಇದ್ದೀನಲ್ಲ" ಅಂದರು.

ಸ್ವಂತ ಜವಾಬ್ದಾರಿಯ ಮೇಲೆ ಒಬ್ಬರು ನಡೆಯುವುದು ಬೇರೆ. ಹಣ ತೆಗೆದುಕೊಂಡು, ಆ ಕಾಡು ಗೊತ್ತಿಲ್ಲದ ಜನರನ್ನು ನಡೆಸುವುದು ಬೇರೆ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹೇಳಿದವರು ಗುಂಪಿನಲ್ಲಿದ್ದ ಸಕಲೇಶಪುರದ ಕಾಫಿ ತೋಟದ ಯಜಮಾನರು. ತೋಟಕ್ಕೆ ಆನೆ ಬರುವುದನ್ನು ನೋಡಿಕೊಂಡೇ ಬೆಳೆದವರು. ಅವರ ಮಾತಿಗೂ ಬೆಲೆ ಸಿಗಲಿಲ್ಲ.

ಸುಳಿವುಗಳು ಇನ್ನೂ ಇದ್ದವು. ಅಡುಗೆ ಸಾಮಾನಿನ ಗಾಡಿಯಲ್ಲಿ ಒಂದು ಚೀಲ ಕಿತ್ತಳೆ ಬಂದಿತ್ತು. ಮಾನಾ ಪೂಲ್ಸ್‌ಗೆ ಕಿತ್ತಳೆ, ಮೂಸಂಬಿ ತರಲೇಬಾರದು. ವಾಸನೆ ಹಿಡಿದು ಆನೆಗಳು ಕ್ಯಾಂಪಿಗೆ ನುಗ್ಗುತ್ತವೆ, ಗಾಡಿಯನ್ನೂ ಬಿಡುವುದಿಲ್ಲ. ಆ ಕಾಡಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಇದು ಗೊತ್ತಿರುತ್ತದೆ. ಹುಡುಗ ನೋಡಿದ ತಕ್ಷಣ ಗೇಟಿನಲ್ಲೇ ಕೊಟ್ಟು ಬಂದ. ಟೂರ್ ಲೀಡರ್ ನಮಗೆಲ್ಲ ಕಡುನೀಲಿ ಟೀ ಶರ್ಟ್ ಮಾಡಿಸಿದ್ದರು, ಗ್ರೂಪ್ ಫೋಟೊಕ್ಕೆ ಚೆನ್ನಾಗಿ ಕಾಣಲಿ ಅಂತ. ಸೆಟ್ಸಿ ನೊಣಕ್ಕೆ ನೀಲಿ, ಕಪ್ಪು ಬಣ್ಣ ಅಂದರೆ ಎಲ್ಲಿಲ್ಲದ ಆಸೆ. ಅದನ್ನು ಹಿಡಿಯುವ ಬಲೆಗಳನ್ನು ನೀಲಿ ಮತ್ತು ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ. ಬಟ್ಟೆಯ ಮೇಲೇ ಕಚ್ಚುವ ನೊಣ, ನಿದ್ರಾರೋಗವನ್ನೂ ಹರಡಬಲ್ಲದು. ಖಾಕಿ, ಕಂದು, ಮಾಸಲು ಹಸಿರು ಹಾಕಿಕೊಳ್ಳಿ. ಮಲೇರಿಯಾ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಆನೆ ನುಗ್ಗಿದ ದಿನ ನಾವು ಹೊರಟಿದ್ದೇ ತಡವಾಗಿ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅದಕ್ಕೇ ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೇ ನಡೆಯಲು ಶುರು ಮಾಡಿ, ಬಿಸಿಲೇರುವ ಮೊದಲು ವಾಪಸ್ ಬರುತ್ತಾರೆ. ನಾವು ನದಿ ದಂಡೆಯಲ್ಲಿ ಹಕ್ಕಿ ಫೋಟೊ ತೆಗೆಯುತ್ತಾ ಹೊತ್ತು ಕಳೆದು, ಬಿಸಿಲು ಏರಿದ ಮೇಲೆ ಮರಗಳ ಕಡೆ ತಿರುಗಿದೆವು. ಒಣಗಿದ ಒಂದು ಹಳ್ಳದ ಆಚೆ ಹೆಣ್ಣಾನೆಗಳ ಹಿಂಡು. ಹೊಟ್ಟೆಯ ಕೆಳಗೆ ಸಣ್ಣ ಮರಿ. ಹುಡುಗ ಕೈ ಎತ್ತಿ ನಿಲ್ಲಿಸಿದ. ಸಕಲೇಶಪುರದವರು ಒಂದು ಹಿಡಿ ದೂಳು ಎತ್ತಿ ಬಿಟ್ಟರು. ಅದು ನೇರ ಆನೆಗಳ ಕಡೆಗೇ ಹಾರಿತು. "ಗಾಳಿ ನಮ್ಮ ಬೆನ್ನಿಗಿದೆ ಸ್ವಾಮಿ, ಹಿಂದಕ್ಕೆ ಹೋಗೋಣ" ಅಂದರು. ಟೂರ್ ಲೀಡರ್‌ಗೆ ಕೆಳಗೆ ಕೂತು ಅಗಲ ಲೆನ್ಸಿನಲ್ಲಿ ಮರಿಯ ಫೋಟೊ ಬೇಕಿತ್ತು. ಹುಡುಗನನ್ನು ಪಕ್ಕಕ್ಕೆ ಸರಿಸಿ ಎಲ್ಲರಿಗೂ ಬನ್ನಿ ಅಂತ ಕೈ ಮಾಡಿ ಹಳ್ಳಕ್ಕೆ ಇಳಿದೇಬಿಟ್ಟರು. ನಾಲ್ಕೈದು ಜನ ಹಿಂದೆ ಹೋದರು.

ದೊಡ್ಡ ಹೆಣ್ಣಾನೆ ಸೊಂಡಿಲು ಮೇಲೆತ್ತಿ ವಾಸನೆ ಹಿಡಿಯಿತು. ಮುಂಗಾಲು ಹಿಂದೆ ಮುಂದೆ ತೂಗಿತು. ತಲೆ ಒದರಿತು, ಕಿವಿ ಅಗಲಿಸಿತು. ಅಷ್ಟರಲ್ಲೇ ಹಿಂದೆ ಸರಿಯಬೇಕಿತ್ತು, ಆನೆ ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು. ಕ್ಯಾಮೆರಾ ಸದ್ದು ನಿಲ್ಲಲಿಲ್ಲ. ಆಮೇಲೆ ಘೀಳಿಟ್ಟು ನುಗ್ಗಿತು.

ಎಲ್ಲರೂ ಓಡಿದರು. ಓಡಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ಗೈಡ್ ಆದರೆ ಮೊದಲ ಹೆಜ್ಜೆಗೆ ಮುಂಚೆಯೇ ಹೇಳುತ್ತಾರೆ: ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಕೋವಿಗಿಂತ ಮುಂದೆ ಹೋಗಬೇಡಿ, ನಾನು ಹೇಳದೆ ಓಡಬೇಡಿ. ಟೀಚರ್ ಕಾಲು ಹಳೆಯ ಆನೆ ಹೆಜ್ಜೆಯೊಳಗೆ ಸಿಕ್ಕಿತು. ಮಳೆಗಾಲದ ಕೆಸರಿನಲ್ಲಿ ಆನೆ ತುಳಿದ ಗುಂಡಿ ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ. ಅವರು ಮುಂದಕ್ಕೆ ಕೈಯೂರಿ ಬಿದ್ದರು. ಆನೆಗೂ ಅವರಿಗೂ ನಡುವೆ ನಿಂತವನು ಆ ಹುಡುಗ ಒಬ್ಬನೇ. ಕೈಯಲ್ಲಿ ಏನೂ ಇಲ್ಲ. ಎರಡೂ ತೋಳು ಮೇಲೆತ್ತಿ ಗಂಟಲು ಹರಿಯುವ ಹಾಗೆ ಕೂಗಿದ. ಆನೆ ದೂಳೆಬ್ಬಿಸಿ ನಿಂತಿತು. ಸ್ವಲ್ಪ ಹೊತ್ತು ನೋಡಿ ಹಿಂತಿರುಗಿ ಮರಿಯ ಹತ್ತಿರ ಹೋಯಿತು. ಅದು ಬೆದರಿಸಲು ಬಂದಿತ್ತು. ನಿಜವಾಗಿ ಕೊಲ್ಲಲು ಬಂದಿದ್ದರೆ ಸಾಯುತ್ತಿದ್ದವನು ಆ ಹುಡುಗ. ಅವನ ಮೇಲೆ ನನಗೆ ಒಂದು ಚೂರೂ ಕೋಪವಿಲ್ಲ. ಕೂಲಿ ಕಳೆದುಕೊಳ್ಳುವ ಭಯದಲ್ಲಿದ್ದ ಅವನನ್ನು ಆ ಜಾಗದಲ್ಲಿ ನಿಲ್ಲಿಸಿದವರ ಮೇಲೆ ಇದೆ.

ಆ ಆನೆಯ ಬಗ್ಗೆಯೂ ಯೋಚಿಸಿ. ಕೋವಿ ಇದ್ದಿದ್ದರೆ, ಹೀಗೇ ನುಗ್ಗಿಸಿಕೊಂಡಿದ್ದರೆ, ಮರಿಯ ಎದುರಿಗೇ ತಾಯಿಗೆ ಗುಂಡು ಬೀಳುತ್ತಿತ್ತು. ಒಂದು ಫೋಟೊಕ್ಕೋಸ್ಕರ.

ಆಮೇಲಿನದ್ದೂ ಕೆಟ್ಟದಾಗಿತ್ತು. ಸ್ಯಾಟಲೈಟ್ ಫೋನ್ ಇದೆ ಅಂತ ಹೇಳಿದ್ದರು. ಫೋನ್ ಇತ್ತು, ಅದಕ್ಕೆ ಕರೆನ್ಸಿ ಹಾಕಿಸಿರಲಿಲ್ಲ. ನೀರು ಮುಗಿದಿತ್ತು. ಟೀಚರ್‌ಗೆ ನೋವಿಗಿಂತ ಬಿಸಿಲಿಗೇ ತಲೆ ಸುತ್ತುತ್ತಿತ್ತು. ಗಾಡಿ ಕ್ಯಾಂಪಿನಲ್ಲಿತ್ತು. ಹುಡುಗ ಹೋಗಿ ತರುವವರೆಗೆ ಮರದ ನೆರಳಿನಲ್ಲಿ ಕೂತಿದ್ದೆವು. ಕೈಗೆ ಟ್ರೈಪಾಡ್ ಚೀಲದ ಪಟ್ಟಿಯಲ್ಲಿ ಜೋಳಿಗೆ ಕಟ್ಟಿದವರೂ ಸಕಲೇಶಪುರದವರೇ. ನ್ಯಾಮೆಪಿಯ ಪಾರ್ಕ್ ಆಫೀಸಿನವರು ನೀರು ಕೊಟ್ಟು, ಅವರ ರೇಡಿಯೊದಲ್ಲೇ ಮಾತಾಡಿ ಸಹಾಯ ಮಾಡಿದರು. ಅಲ್ಲಿಯ ಏರ್‌ಸ್ಟ್ರಿಪ್ ಬರೀ ಮಣ್ಣಿನದು, ವಿಮಾನ ಹಗಲಿನಲ್ಲಿ ಮಾತ್ರ ಇಳಿಯಬಹುದು. ವಿಮಾನ ಕರೆಸಲು ಯಾರ ಹೆಸರಿನಲ್ಲೂ ವ್ಯವಸ್ಥೆ ಮಾಡಿರಲಿಲ್ಲ. ಕೊನೆಗೆ ರಸ್ತೆಯಲ್ಲೇ ಹರಾರೆ. ಆರೇಳು ಗಂಟೆಯ ದಾರಿ, ಮುರಿದ ಕೈ.

ಹಾಗಾಗಿ ಹಣ ಕಟ್ಟುವ ಮೊದಲು ಗೈಡ್‌ನ ಹೆಸರು ಮತ್ತು ಜಿಂಬಾಬ್ವೆ ಪಾರ್ಕ್ಸ್ ಇಲಾಖೆಯ ಪ್ರೊಫೆಷನಲ್ ಗೈಡ್ ಲೈಸೆನ್ಸ್‌ನ ಪ್ರತಿ ಕೇಳಿ. ಲರ್ನರ್ ಅಂತ ಇದ್ದರೆ ನಡಿಗೆಗೆ ಬೇರೆ ಯಾರು ಬರುತ್ತಾರೆ ಅಂತ ಕೇಳಿ. ಗೈಡ್ ಬದಲಾದರೆ ಪೂರ್ತಿ ಹಣ ವಾಪಸ್ ಅಂತ ಬರೆಸಿಕೊಳ್ಳಿ. ತುರ್ತು ವಿಮಾನಕ್ಕೆ ಯಾವ ಸಂಸ್ಥೆಯ ಸದಸ್ಯತ್ವ ಇದೆ, ಅದರ ನಂಬರ್ ಏನು ಅಂತ ಕೇಳಿ. ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಕಾಲ್ನಡಿಗೆ ಸಫಾರಿ ಸೇರಿದೆಯಾ ಅಂತ ಕಂಪನಿಯಿಂದ ಇಮೇಲ್ ತರಿಸಿಕೊಳ್ಳಿ, ಏಜೆಂಟ್ ಬಾಯಿಮಾತು ಸಾಲದು. ಜಾಂಬಿಯಾದ ಲುವಾಂಗ್ವಾ ಕಣಿವೆಗೆ ಹೋಗುವವರೂ ಕೇಳಿ. ಅಲ್ಲಿ ನಡಿಗೆಗೆ ಗೈಡ್ ಜೊತೆ ಸರ್ಕಾರದ ಕೋವಿಧಾರಿ ಸ್ಕೌಟ್ ಇರಲೇಬೇಕು.

ವಾಪಸ್ ಬಂದ ಮೇಲೆ ನಾನು ಹರಾರೆಯ ಬೇರೆ ಒಂದು ಸಂಸ್ಥೆಗೆ ಇದೇ ಪ್ರಶ್ನೆಗಳನ್ನು ಕಳಿಸಿ ನೋಡಿದೆ. ಮಾರನೇ ದಿನವೇ ಲೈಸೆನ್ಸ್ ಪ್ರತಿ, ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್, ವಿಮಾನ ಸಂಸ್ಥೆಯ ಫೋನ್ ನಂಬರ್ ಎಲ್ಲ ಬಂತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನಮ್ಮನ್ನು ಕರೆದೊಯ್ದವರು ಈ ಅಕ್ಟೋಬರ್‌ಗೆ ಮತ್ತೊಂದು ಗುಂಪು ಸೇರಿಸುತ್ತಿದ್ದಾರೆ ಅಂತ ತಿಳಿಯಿತು. ಅದಕ್ಕೇ ಈಗಲೇ ಬರೆದಿದ್ದೇನೆ. ನೀವು ಯಾರ ಹತ್ತಿರವಾದರೂ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಮೆಸೇಜ್ ಹಾಕಿ ಲೈಸೆನ್ಸ್ ಪ್ರತಿ ಕೇಳಿ. ಅದು ಕೈಗೆ ಬರುವವರೆಗೆ ಉಳಿದ ಕಂತು ಕಟ್ಟಬೇಡಿ, ವಿಮಾನದ ಟಿಕೆಟ್ ತೆಗೆಯಬೇಡಿ.