ಹಾಡು ಬಚ್ಚಿಟ್ಟ ಟ್ರೇಲರ್

"ಟ್ರೇಲರ್‌ಗೂ ವಿಮರ್ಶೆ ಬರೀತಾರಾ ಚಿಕ್ಕಮ್ಮಾ?" ಅಂತ ಅಕ್ಕನ ಮಗಳು ಕೇಳಿದಳು. ಅವಳಿಗೆ ಹದಿನಾರು. ಯಾಕೆ ಬರೀಬಾರದು? ಸಿನಿಮಾಕ್ಕೆ ಹೋಗಬೇಕಾ ಬೇಡವಾ ಅಂತ ನಾವು ತೀರ್ಮಾನ ಮಾಡುವುದು ಅದನ್ನು ನೋಡಿಯೇ ಅಲ್ವಾ?

ನನ್ನ ಕೆಲಸ ವಿಡಿಯೋ ಎಡಿಟಿಂಗ್. ಹಾಗಾಗಿ ಯಾವುದೇ ಟ್ರೇಲರನ್ನು ಮೂರು ಸಲ ನೋಡುವ ಅಭ್ಯಾಸ ನನಗೆ. ಮೊದಲ ಸಲ ಎಲ್ಲರ ಹಾಗೆ. ಎರಡನೇ ಸಲ ಸದ್ದು ಪೂರ್ತಿ ತೆಗೆದು. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ಬರೀ ಕಿವಿಯಲ್ಲಿ. ಹೈಸ್ಕೂಲ್ ಕಾಮಿಡಿಗಳ ಟ್ರೇಲರುಗಳಲ್ಲಿ ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ಈ ಮೂರನೇ ಸಲ.

ಇಲ್ಲಿ ನಾನು ಬರೆಯುತ್ತಿರುವುದು 2024ರ ಜನವರಿಯಲ್ಲಿ ಬಂದ 'ಮೀನ್ ಗರ್ಲ್ಸ್' ಚಿತ್ರದ ಮೊದಲ ಟ್ರೇಲರ್ ಬಗ್ಗೆ. ಅದು ಬಿಡುಗಡೆಯಾಗಿದ್ದು 2023ರ ನವೆಂಬರಿನಲ್ಲಿ. ಇದೇ ಹೆಸರಿನ ಹಳೆಯ ಚಿತ್ರ 2004ರದು. ಟೀನಾ ಫೇ ಬರೆದದ್ದು, ಲಿಂಡ್ಸೆ ಲೋಹನ್ ನಟಿಸಿದ್ದು. ಆ ಕಥೆ 2018ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ಹಾಡುಗಳಿರುವ ನಾಟಕವಾಯಿತು. ಹೊಸ ಚಿತ್ರ ಆ ನಾಟಕದಿಂದ ಬಂದದ್ದು. ಅಂದರೆ ಇದರಲ್ಲಿ ಪಾತ್ರಗಳೇ ಹಾಡುತ್ತವೆ, ಕುಣಿಯುತ್ತವೆ. ಈ ಒಂದು ವಿಷಯ ನೆನಪಿರಲಿ, ಮತ್ತೆ ಇದಕ್ಕೇ ಬರುತ್ತೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ಜಾತಿಯ ಟ್ರೇಲರಿಗೆ ಒಂದು ಹಳೆಯ ದಾರಿ ಇದೆ, ಇದು ಆ ದಾರಿಯಲ್ಲಿ ಎಲ್ಲೂ ಎಡವುವುದಿಲ್ಲ. ಹೊಸ ಹುಡುಗಿ ಶಾಲೆಗೆ ಬರುತ್ತಾಳೆ. ಅವಳಿಗೆ ಇಬ್ಬರು ಗೆಳೆಯರು ಸಿಗುತ್ತಾರೆ. ಎಲ್ಲರೂ ಹೆದರುವ, ಎಲ್ಲರೂ ಸೇರಬೇಕು ಅಂದುಕೊಳ್ಳುವ ಮೂವರು ಹುಡುಗಿಯರ ಗುಂಪು ಕಾಣಿಸಿಕೊಳ್ಳುತ್ತದೆ. ಆಮೇಲೆ ಹುಡುಗ, ಜಗಳ, ಸೇಡು.

ಹೊಸ ಹುಡುಗಿಯೇ ಯಾಕೆ ಬೇಕು? ಯಾಕೆಂದರೆ ಟ್ರೇಲರ್ ನೋಡುವವರೂ ಆ ಶಾಲೆಗೆ ಹೊಸಬರೇ. ಅವಳಿಗೆ ಯಾರೋ ಶಾಲೆ ತೋರಿಸಿದರೆ ನಮಗೂ ತೋರಿಸಿದ ಹಾಗಾಯಿತು. ಕ್ಯಾಂಟೀನ್ ಶಾಟ್ ಕೂಡ ಅದಕ್ಕೇ. ಕ್ಯಾಮೆರಾ ಒಂದು ಸುತ್ತು ಹಾಕಿದರೆ ಸಾಕು. ಆಟಗಾರರು ಒಂದು ಮೇಜು, ಓದುವವರು ಒಂದು ಮೇಜು, ಯಾರಿಗೂ ಬೇಡವಾದವರು ಕೊನೆಯ ಮೇಜು. ಯಾರು ಮೇಲೆ, ಯಾರು ಕೆಳಗೆ ಅಂತ ಒಂದು ಮಾತೂ ಆಡದೆ ಗೊತ್ತಾಗುತ್ತದೆ. ಕೈಯಲ್ಲಿ ತಟ್ಟೆ ಹಿಡಿದು, ಎಲ್ಲಿ ಕೂರುವುದು ಅಂತ ತಿಳಿಯದೆ ನಿಂತ ಮುಖ ಒಂದನ್ನು ತೋರಿಸಿದರೆ ಅರ್ಧ ಕಥೆ ಮುಗಿಯಿತು. ಆ ಶಾಟ್ ಎಷ್ಟು ಚಿತ್ರಗಳಲ್ಲಿ ಬಂದರೂ ನನಗೆ ಬೇಜಾರಿಲ್ಲ. ಹಾಗೆ ನಿಂತ ನೆನಪು ನಮ್ಮೆಲ್ಲರಿಗೂ ಇದೆ.

ಕಾರಿಡಾರಿನ ಸ್ಲೋ ಮೋಷನ್ ನಡಿಗೆಯಲ್ಲಿ ನಾನು ನಡೆಯುವವಳನ್ನು ನೋಡುವುದೇ ಇಲ್ಲ. ಲಾಕರ್ ಪಕ್ಕದಲ್ಲಿ ನಿಂತವರನ್ನು ನೋಡುತ್ತೇನೆ. ಯಾರು ತಲೆ ತಿರುಗಿಸಿದರು, ಯಾರು ದಾರಿ ಬಿಟ್ಟರು, ಯಾರು ಕಣ್ಣು ತಪ್ಪಿಸಿದರು. ಅವಳನ್ನು ರಾಣಿ ಮಾಡುವುದು ಆ ಪಕ್ಕದವರು. ಇಲ್ಲಿ ಎಡಿಟರ್ ಕೈ ಸ್ವಲ್ಪ ಅವಸರ ಮಾಡಿದರೂ ಕೆಡುತ್ತದೆ.

ವಯಸ್ಸಿನ ವಿಷಯ ಒಂದು ಮಾತು. 2004ರ ಚಿತ್ರದಲ್ಲಿ ಆ ಮೂವರ ಗುಂಪಿನ ನಾಯಕಿ ರೆಜಿನಾ ಆಗಿದ್ದ ರೇಚಲ್ ಮೆಕ್‌ಆಡಮ್ಸ್, ಅವಳ ತಾಯಿ ಆಗಿದ್ದ ಏಮಿ ಪೋಲರ್ ಅವರಿಗಿಂತ ಬರೀ ಏಳು ವರ್ಷ ಚಿಕ್ಕವರು! ಟ್ರೇಲರಿನಲ್ಲಿ ಒಂದೊಂದು ಮುಖಕ್ಕೆ ಸಿಗುವುದೇ ಒಂದೆರಡು ಸೆಕೆಂಡು. ಅಷ್ಟರಲ್ಲಿ ನಾವು ಬಟ್ಟೆ, ಬ್ಯಾಗು, ಲಾಕರು ನೋಡುತ್ತೇವೆಯೇ ಹೊರತು ವಯಸ್ಸು ಲೆಕ್ಕ ಹಾಕುವುದಿಲ್ಲ.

ಇನ್ನು ಕಣ್ಣು ಮುಚ್ಚಿ ಕೇಳುವ ಸರದಿ. ಈ ಟ್ರೇಲರಿನ ಜೀವ ಪಾಪ್ ಗಾಯಕಿ ಒಲಿವಿಯಾ ರಾಡ್ರಿಗೋ ಅವರ 'ಗೆಟ್ ಹಿಮ್ ಬ್ಯಾಕ್!' ಹಾಡು. ಆ ಹಾಡು ಹೊರಬಂದಿದ್ದೇ 2023ರ ಸೆಪ್ಟೆಂಬರಿನಲ್ಲಿ, ಟ್ರೇಲರಿಗಿಂತ ಎರಡು ತಿಂಗಳು ಮೊದಲು. ಹದಿನಾರರ ಹುಡುಗಿಯರ ಬಾಯಲ್ಲಿ ಅದು ಇನ್ನೂ ಬಿಸಿಯಾಗಿತ್ತು. ಆಯ್ಕೆ ನಿಜಕ್ಕೂ ಜಾಣತನದ್ದು. ಚರಣದಲ್ಲಿ ಅವರು ಹಾಡುವುದಕ್ಕಿಂತ ಮಾತಾಡುವುದೇ ಜಾಸ್ತಿ, ಗೆಳತಿಯ ಹತ್ತಿರ ಕೂತು ಯಾರದೋ ವಿಷಯ ಹೇಳಿಕೊಂಡ ಹಾಗೆ. ಹಾಗಾಗಿ ಅದರ ಮೇಲೆ ಪಾತ್ರಗಳ ಮಾತು ಬಂದರೂ ಕಿವಿಗೆ ಕಿರಿಕಿರಿ ಆಗುವುದಿಲ್ಲ. ಪಲ್ಲವಿ ಬಂದಾಗ ಇಡೀ ಗುಂಪು ಕೂಗಿದ ಹಾಗೆ ಕೇಳುತ್ತದೆ. ಅಲ್ಲಿ ಎಷ್ಟು ಬೇಗ ಬೇಗ ಕಟ್ ಮಾಡಿದರೂ ನಡೆಯುತ್ತದೆ. ಅದರ ಹೆಸರಿಗೂ ಎರಡು ಅರ್ಥ. ಅವನನ್ನು ಮತ್ತೆ ನನ್ನವನಾಗಿ ಮಾಡಿಕೊಳ್ಳುತ್ತೇನೆ ಅಂತಲೂ ಹೌದು, ಅವನ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂತಲೂ ಹೌದು. ಈ ಕಥೆಯೂ ಪ್ರೀತಿ ಮತ್ತು ಸೇಡಿನ ನಡುವೆಯೇ ಓಡಾಡುತ್ತದೆ. ಇದನ್ನು ಆರಿಸಿದವರಿಗೆ ನನ್ನ ಮೆಚ್ಚುಗೆ.

ಆದರೆ ನನಗೆ ನೋವಾಗುವುದೂ ಇಲ್ಲೇ. ಎರಡು ನಿಮಿಷ ಚಿಲ್ಲರೆಯ ಟ್ರೇಲರಿನಲ್ಲಿ ಒಂದೇ ಒಂದು ಪಾತ್ರವೂ ಹಾಡುವುದಿಲ್ಲ. ನಾಟಕದ ಹಾಡುಗಳ ಒಂದು ಸಾಲೂ ಕೇಳಿಸುವುದಿಲ್ಲ. ಕಿವಿ ತುಂಬ ಹಾಡೇ ಇದೆ, ಚಿತ್ರದ ಹಾಡಿಗೆ ಮಾತ್ರ ಜಾಗ ಇಲ್ಲ. ಇದು ಮರೆತು ಆದದ್ದೇನಲ್ಲ. ಹಾಡಿನ ಚಿತ್ರ ಅಂದರೆ ಜನ ಬೇರೆ ಥರ ನೋಡುತ್ತಾರೆ, ಅದಕ್ಕೇ ಹೇಳಲು ಹೋಗಲಿಲ್ಲ ಅಂತ ಪ್ರಚಾರದವರೇ ಆಮೇಲೆ ಒಪ್ಪಿಕೊಂಡರು. ಅದೇ ಚಳಿಗಾಲದಲ್ಲಿ ಬಂದ ಬೇರೆ ಹಾಡಿನ ಚಿತ್ರಗಳ ಟ್ರೇಲರುಗಳಲ್ಲೂ ಹಾಡು ಹೀಗೇ ಹಿಂದೆ ಸರಿದಿತ್ತು. ಥಿಯೇಟರಿನಲ್ಲಿ ಪಾತ್ರಗಳು ಹಾಡಲು ಶುರುಮಾಡಿದಾಗ ಎಷ್ಟೋ ಜನ ಕಂಗಾಲಾದರು ಅಂತ ಸುದ್ದಿಯೂ ಆಯಿತು. ಚಿತ್ರ ಮೊದಲ ವಾರದ ಕೊನೆಗೆ ಅಮೆರಿಕದ ಗಳಿಕೆಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಅದೂ ನಿಜ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕ್ಯಾಂಟೀನು, ಲಾಕರು, ಪಾರ್ಟಿ, ಇವೆಲ್ಲ ನೋಡುವವರ ಜೊತೆ ಮಾಡಿಕೊಂಡ ಒಂದು ಒಪ್ಪಂದ. ಇವನ್ನು ನೋಡಿದ ಕೂಡಲೇ ನನಗೆ ಎಂಥ ನಗು, ಎಂಥ ಸಂಜೆ ಸಿಗುತ್ತದೆ ಅಂತ ಗೊತ್ತಾಗುತ್ತದೆ. ಆ ನಂಬಿಕೆಯನ್ನೇ ಪರದೆ ಮಾಡಿಕೊಂಡು ಅದರ ಹಿಂದೆ ಬೇರೆ ಥರದ ಚಿತ್ರವನ್ನು ನಿಲ್ಲಿಸಬಾರದು. 'ಇದು ನಿಮ್ಮ ಅಮ್ಮನ ಕಾಲದ ಮೀನ್ ಗರ್ಲ್ಸ್ ಅಲ್ಲ' ಅನ್ನುವ ಅರ್ಥದ ಸಾಲು ಆ ಟ್ರೇಲರಿನಲ್ಲಿ ಬರುತ್ತದೆ. ಬೇರೆಯದು ಅಂತ ಅಷ್ಟು ದೊಡ್ಡದಾಗಿ ಬರೆದಮೇಲೆ, ಏನು ಬೇರೆ ಅಂತ ಹೇಳಬೇಕಾಗಿತ್ತು ಅಲ್ವಾ? (2004ರಲ್ಲಿ ಹದಿನೈದಾಗಿದ್ದವರಿಗೆ ಆ 'ಅಮ್ಮ' ಅನ್ನುವ ಮಾತೂ ಚುಚ್ಚಿತು. ಹಳೆಯ ಚಿತ್ರವನ್ನು ಎದೆಗೆ ಹಚ್ಚಿಕೊಂಡಿದ್ದವರು ಅವರೇ.)

ಮಾತಿಗೆ ತಕ್ಕ ಹಾಗೆ ನಡೆದುಕೊಂಡ ಟ್ರೇಲರ್ ಅಂದರೆ ನನಗೆ ನೆನಪಾಗುವುದು 2007ರ 'ಸೂಪರ್‌ಬ್ಯಾಡ್'. ಅದರಲ್ಲಿ ಒಬ್ಬ ಹುಡುಗ ಗೆಳೆಯರಿಗೆ ತನ್ನ ನಕಲಿ ಗುರುತಿನ ಚೀಟಿ ತೋರಿಸುವ ದೃಶ್ಯ ಇದೆ. ಚೀಟಿ ಹವಾಯಿಯದು, ವಯಸ್ಸು 25. ಹೆಸರಿನ ಜಾಗದಲ್ಲಿ 'ಮೆಕ್‌ಲವಿನ್' ಅಂತ ಒಂದೇ ಪದ. ಮುಂದೆ ಇಲ್ಲ, ಹಿಂದೆ ಇಲ್ಲ. ಎಡಿಟರ್ ಇಲ್ಲಿ ಅವಸರ ಮಾಡುವುದಿಲ್ಲ. ಚೀಟಿ ನೋಡಲು ನಮಗೆ ಸಮಯ ಸಿಗುತ್ತದೆ, ಗೆಳೆಯರ ಮುಖ ನೋಡಲು ಸಮಯ ಸಿಗುತ್ತದೆ. ತಾನು ದೊಡ್ಡ ಸಾಧನೆ ಮಾಡಿದ್ದೇನೆ ಅಂತ ಆ ಹುಡುಗನ ಮುಖದಲ್ಲಿರುವ ಹೆಮ್ಮೆಯನ್ನೂ ಕಣ್ತುಂಬ ನೋಡುತ್ತೇವೆ. ಇಡೀ ಚಿತ್ರದ ರುಚಿ ಅದೇ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವಲ್ಲ, ಆ ಅಗುಳು ಇದು.

ಆ ಚಿತ್ರದ ಕಷ್ಟವೇ ಬೇರೆ ಇತ್ತು. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು 'ಆರ್' ದರ್ಜೆ. ಹದಿನೇಳು ತುಂಬದವರು ದೊಡ್ಡವರ ಜೊತೆಯಲ್ಲೇ ಬರಬೇಕು. ಹೈಸ್ಕೂಲ್ ಹುಡುಗರ ಕಥೆ, ಹೈಸ್ಕೂಲ್ ಹುಡುಗರಿಗೇ ಬಾಗಿಲು ಅರ್ಧ ಮುಚ್ಚಿದೆ! ಹೀಗಾಗಿ ಅಲ್ಲಿ ಎರಡು ಥರದ ಟ್ರೇಲರ್ ಮಾಡುತ್ತಾರೆ. ಶುರುವಿನಲ್ಲಿ ಹಸಿರು ಪಟ್ಟಿ ಬರುವಂಥದ್ದು ಎಲ್ಲರ ಮುಂದೆ ಹಾಕಲು, ಕೆಂಪು ಪಟ್ಟಿಯದ್ದು ಒರಟು ಮಾತುಗಳನ್ನು ಹಾಗೇ ಬಿಟ್ಟು ದೊಡ್ಡವರಿಗೆ. 'ಆರ್'ಗಿಂತ ಒಂದು ಮೆಟ್ಟಿಲು ಕೆಳಗಿನ 'ಪಿಜಿ-13' ದರ್ಜೆ ಬಂದದ್ದು 1984ರಲ್ಲಿ. ಎರಡೂ 'ಮೀನ್ ಗರ್ಲ್ಸ್' ಚಿತ್ರಗಳಿಗೆ ಇದೇ ದರ್ಜೆ, ಗೆಳತಿಯರು ಗುಂಪು ಕಟ್ಟಿಕೊಂಡು ತಾವೇ ಹೋಗಬಹುದು.

ಅಂಕ ಕೊಡಬೇಕು ಅಂದರೆ, ಕಟ್ಟಿಂಗಿಗೆ ಐದಕ್ಕೆ ನಾಲ್ಕು. ಹಾಡಿನ ಆಯ್ಕೆಗೆ ಐದಕ್ಕೆ ಐದು. ನೋಡುವವರ ನಂಬಿಕೆ ಉಳಿಸಿಕೊಂಡಿದ್ದಕ್ಕೆ ಎರಡಕ್ಕಿಂತ ಜಾಸ್ತಿ ಕೊಡಲಾರೆ.

ಇನ್ನೊಂದು ವಿಷಯ ಇದೆ. ಹೊಸ ಚಿತ್ರದ ರೆಜಿನಾ ರೆನೆ ರಾಪ್. ಇವರು 2019ರಲ್ಲೇ ಬ್ರಾಡ್‌ವೇಯಲ್ಲಿ ಇದೇ ಪಾತ್ರ ಮಾಡಿ, ಪ್ರತಿ ರಾತ್ರಿ ಜನರೆದುರು ನಿಂತು ಹಾಡಿದವರು. ಇಂಥ ಗಂಟಲು ಕೈಯಲ್ಲಿದ್ದೂ ಟ್ರೇಲರಿನಲ್ಲಿ ಅವರಿಗೆ ಬರೀ ಮಾತು ಕೊಟ್ಟಿದ್ದಾರೆ.

ಇದನ್ನು ಅಕ್ಕನ ಮಗಳಿಗೆ ಹೇಳಿದೆ. ಟ್ರೇಲರ್ ನೋಡಿದಾಗ ಅವಳು "ಚೆನ್ನಾಗಿದೆ" ಅಂತ ಮಾತ್ರ ಅಂದಿದ್ದಳು. ಈಗ ರೆಜಿನಾ ಹಾಡುವ 'ವರ್ಲ್ಡ್ ಬರ್ನ್' ಹುಡುಕಿ ಹಾಕಿದಳು. ಮೊದಲು ಫೋನ್ ಸ್ಪೀಕರಿನಲ್ಲಿ ಕೇಳಿದಳು. ಅರ್ಧಕ್ಕೆ ನಿಲ್ಲಿಸಿ, ನನ್ನ ಎಡಿಟಿಂಗ್ ಹೆಡ್‌ಫೋನ್ ಎತ್ತಿಕೊಂಡು ಮೊದಲಿಂದ ಮತ್ತೆ ಹಾಕಿದಳು. ಮುಗಿದ ಮೇಲೆ ಹೆಡ್‌ಫೋನ್ ತೆಗೆಯದೆಯೇ, ಸ್ವಲ್ಪ ಜೋರಾಗಿಯೇ ಕೇಳಿದಳು: "ಚಿಕ್ಕಮ್ಮಾ, ಈ ಸಿನಿಮಾ ಇವತ್ತೇ ನೋಡೋಣ್ವಾ?"